ಹದಿನಾರಾಣೆಯಲ್ಲಿ ಆನೆ ಎಲ್ಲಿದೆ?

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಕೇಳಿದ್ದೆ. ವರ್ಷಗಟ್ಟಲೆ ತಪ್ಪಾಗಿ ತಿಳಿದುಕೊಂಡಿದ್ದ ಪದವೋ ಗಾದೆಯೋ ನಿಮಗೂ ಇದೆಯಾ, ಇದ್ದರೆ ನಾಚಿಕೊಳ್ಳದೆ ಬರೆಯಿರಿ ಅಂತ. ಪತ್ರಗಳು ಬಂದವು ನೋಡಿ, ನಲವತ್ತಕ್ಕೂ ಜಾಸ್ತಿ! ಅರ್ಧ ಜನ "ದಯವಿಟ್ಟು ಹೆಸರು ಹಾಕಬೇಡಿ" ಎಂದು ಕೇಳಿಕೊಂಡಿದ್ದಾರೆ. ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ. ಊರು ಮಾತ್ರ ಇದೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ 1979ರಿಂದ 2015ರವರೆಗೆ ಕರಡು ತಿದ್ದುವ ಕೆಲಸ ಮಾಡಿದವಳು ನಾನು. ಕರಡು ತಿದ್ದುತ್ತಾಳೆ ಅಂತ ಸೀಸದ ಅಕ್ಷರದ ಮೊಳೆ ಜೋಡಿಸುವ ಹುಡುಗರು ನನ್ನ ಬೆನ್ನ ಹಿಂದೆ 'ಕರಡಿಯಮ್ಮ' ಅನ್ನುತ್ತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು, ಪಾಪ.

ಪ್ರಶ್ನೆ: ಅಮ್ಮಾ, ನನಗೆ 41 ವರ್ಷ. ಬ್ಯಾಂಕಿನಲ್ಲಿ ಕೆಲಸ. ನಮ್ಮ ತಾತ ಏನನ್ನಾದರೂ ಒತ್ತಿ ಹೇಳುವಾಗ "ಹದಿನಾರಾಣೆ ಸತ್ಯ ಕಣೋ" ಅನ್ನುತ್ತಿದ್ದರು. ನಾನು ಅದನ್ನು ಹದಿನಾರು ಆನೆ ಅಂತಲೇ ತಿಳಿದಿದ್ದೆ. ಹದಿನಾರು ಆನೆಯಷ್ಟು ತೂಕದ ಸತ್ಯ ಅಂತ. ಹೋದ ವರ್ಷ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಮ್ಯಾನೇಜರ ಮಾತಿಗೆ "ಹದಿನಾರಾನೆ ಸತ್ಯ ಸರ್" ಎಂದು ಬರೆದು, ಸಾಲಾಗಿ ಹದಿನಾರು ಆನೆಯ ಚಿತ್ರ ಒತ್ತಿದೆ. ಅವತ್ತಿನಿಂದ ಎಲ್ಲರೂ ನನ್ನನ್ನು ಮಾವುತ ಅಂತ ಕರೆಯುತ್ತಿದ್ದಾರೆ. ಹಗಲೆಲ್ಲ ದುಡ್ಡು ಎಣಿಸುವವನಿಗೆ ಆಣೆ ಗೊತ್ತಾಗದೆ ಹೋಯಿತಲ್ಲ!
— ತುಮಕೂರು

ಉತ್ತರ: ಮಾವುತರೇ, ನಿಮ್ಮ ಪತ್ರ ಓದಿ ಒಬ್ಬಳೇ ಕೂತು ನಕ್ಕಿದ್ದು ನಿಜ. ಆದರೆ ನಿಮ್ಮ ಲೆಕ್ಕವೇನೂ ಕೆಟ್ಟದ್ದಲ್ಲ. ಹದಿನಾರು ಆನೆ ತೂಗುವ ಸತ್ಯವನ್ನು ಯಾರು ತಾನೇ ಅಲ್ಲಾಡಿಸುತ್ತಾರೆ?

ಹಿಂದೆ ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ಹನ್ನೆರಡು ಪೈ. ಹದಿನಾರಾಣೆ ಅಂದರೆ ಪೂರ್ತಿ ಒಂದು ರೂಪಾಯಿ. ಒಂದು ಪೈಯೂ ಕಮ್ಮಿಯಿಲ್ಲದ್ದು. ಈಗ ನಾವು ನೂರಕ್ಕೆ ನೂರು ಅನ್ನುವುದಿಲ್ಲವೇ, ಅದೇ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಅಂತಾಯಿತು. ನಾನು ಹುಟ್ಟಿದ್ದೂ ಅದೇ ವರ್ಷ. ಅಂದರೆ ನನ್ನ ಕೈಗೆ ಆಣೆ ಲೆಕ್ಕದ ವ್ಯಾಪಾರ ಬರಲೇ ಇಲ್ಲ. ಆದರೂ ಅಮ್ಮ ನನ್ನನ್ನು ಅಂಗಡಿಗೆ ಓಡಿಸುತ್ತಿದ್ದದ್ದು ನಾಲ್ಕಾಣೆ, ಎಂಟಾಣೆ ಕೊಟ್ಟೇ. ನಾಣ್ಯದ ಮೇಲೆ 25 ಪೈಸೆ ಅಂತ ಇರುತ್ತಿತ್ತು, ಬಾಯಲ್ಲಿ ನಾಲ್ಕಾಣೆ ಅಂತಲೇ ಉಳಿದಿತ್ತು.

ನಿಮ್ಮ ವಯಸ್ಸು ನೋಡಿದರೆ ನೀವೂ ನಾಲ್ಕಾಣೆಗೆ ಪೆಪ್ಪರ್‌ಮೆಂಟ್ ತಿಂದವರೇ. ಆದರೆ ನಿಮ್ಮ ಕಿವಿಗೆ ನಾಲ್ಕಾಣೆ ಅನ್ನುವುದು ಒಂದು ನಾಣ್ಯದ ಹೆಸರು, ಅಷ್ಟೇ. ಅದನ್ನು ನಾಲ್ಕು, ಆಣೆ ಅಂತ ಬಿಡಿಸಿ ಯಾರೂ ಹೇಳಿಕೊಟ್ಟಿರಲಿಲ್ಲ. ತಾತನಿಗೆ ಹೇಳಿಕೊಡಬೇಕು ಅಂತ ಹೊಳೆದಿರಲೂ ಇಲ್ಲ. ಅವರಿಗೆ ಅದು ಜೇಬಿನಲ್ಲಿದ್ದ ವಸ್ತು. 2011ರ ಜೂನ್ 30ಕ್ಕೆ 25 ಪೈಸೆ ನಾಣ್ಯವೂ ಚಲಾವಣೆಯಿಂದ ಹೋಯಿತು. ಇನ್ನು ನಿಮ್ಮ ಮಕ್ಕಳಿಗೆ ಹದಿನಾರಾಣೆಯಲ್ಲಿ ಆನೆಯಲ್ಲದೆ ಬೇರೇನು ಕಾಣಬೇಕು, ಹೇಳಿ.

ಹಾಸನದಿಂದ ಒಬ್ಬ ತಾಯಿ ಇದೇ ಮಾತನ್ನು ಹದಿನಾರು ಸಲ ಆಣೆ ಇಟ್ಟು ಹೇಳಿದ ಸತ್ಯ ಅಂದುಕೊಂಡಿದ್ದರಂತೆ. ದೇವರಾಣೆ, ನಿನ್ನಾಣೆ ಅನ್ನುವ ಆಣೆ. ನನಗೆ ಇದು ನಿಮ್ಮದಕ್ಕಿಂತ ಒಂದು ತೂಕ ಹೆಚ್ಚು ಹಿಡಿಸಿತು, ಬೇಜಾರು ಮಾಡಿಕೊಳ್ಳಬೇಡಿ.

ಇದರ ಜೊತೆಯದೇ ಇನ್ನೊಂದಿದೆ. 'ಸೇರಿಗೆ ಸವಾಸೇರು'. ನನ್ನ ತಮ್ಮ ಅದನ್ನು ಬಹಳ ಕಾಲ 'ಸೇರಿಗೆ ಸಾವಾಸ ಸೇರು' ಅನ್ನುತ್ತಿದ್ದ. ಕೆಟ್ಟವನಿಗೆ ಕೆಟ್ಟ ಸಹವಾಸ ಅಂತ ಅವನ ಅರ್ಥ. ಸವಾ ಅಂದರೆ ಒಂದೂಕಾಲು. ಮರಾಠಿ, ಹಿಂದಿಯಲ್ಲಿ ಇವತ್ತಿಗೂ ಇದೆ. ನಾಲ್ಕು ಪಾವಿಗೆ ಒಂದು ಸೇರು, ಐದು ಪಾವಿಗೆ ಸವಾಸೇರು. ಒಂದು ಸೇರಿನ ಜೋರು ತೋರಿಸಿಕೊಂಡು ಬಂದವನ ಎದುರಿಗೆ ಐದು ಪಾವು ಹಿಡಿದು ನಿಂತವನ ಕಥೆ ಇದು. ನಮ್ಮ ಮನೆಯಲ್ಲಿ ಈಗಲೂ ಅಕ್ಕಿ ಅಳೆಯುವುದು ಪಾವಿನಲ್ಲೇ. ಸೊಸೆ ಮಾತ್ರ ಅದನ್ನು 'ದೊಡ್ಡ ಲೋಟ' ಅನ್ನುತ್ತಾಳೆ.

ಪ್ರಶ್ನೆ: ಮೇಡಂ, ನಾನು ಹುಟ್ಟಿ ಬೆಳೆದಿದ್ದೆಲ್ಲ ಬೆಂಗಳೂರು. 'ಗಾಳಿ ಬಂದಾಗ ತೂರಿಕೋ' ಅಂದರೆ ಸಮಯ ನೋಡಿ ಒಳಗೆ ನುಗ್ಗು ಅಂತ ತಿಳಿದಿದ್ದೆ. ಬಿಎಂಟಿಸಿ ಬಸ್ಸಿನಲ್ಲಿ ಜನರ ನಡುವೆ ತೂರಿಕೊಂಡು ಹೋಗುತ್ತೇವಲ್ಲ, ಹಾಗೆ. ಮೊನ್ನೆ ನಮ್ಮ ಟೀಮಿನ ಹಾವೇರಿಯ ಹುಡುಗ ಅದು ರಾಶಿ ಮಾಡುವ ಮಾತು ಅಂದ. ಯಾವುದು ಸರಿ?
— ಬೆಂಗಳೂರು

ಉತ್ತರ: ಹಾವೇರಿಯ ಹುಡುಗನೇ ಸರಿ, ತಾಯಿ.

ನಮ್ಮೂರು ಹುಣಸೂರಿನ ಹತ್ತಿರ. ರಾಗಿ ಕೊಯ್ದು ಮೆದೆ ಹಾಕಿ, ಸಂಕ್ರಾಂತಿಯ ಆಸುಪಾಸಿಗೆ ಕಣ ಮಾಡುತ್ತಿದ್ದರು. ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ಅದರ ಮೇಲೆ ತೆನೆ ಹರಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸುವುದು. ಆಮೇಲೆ ಹುಲ್ಲು ಬೇರೆ ಮಾಡಿದರೆ ಕಾಳು, ಹೊಟ್ಟು, ದೂಳು ಎಲ್ಲ ಸೇರಿದ ಒಂದು ರಾಶಿ ಉಳಿಯುತ್ತದೆ. ಅದನ್ನು ಮೊರದಲ್ಲಿ ತುಂಬಿ, ತಲೆಗಿಂತ ಮೇಲೆತ್ತಿ, ಗಾಳಿಗೆ ಹಿಡಿದು ಸಣ್ಣಗೆ ಸುರಿಯಬೇಕು. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಹಾರಿ ದೂರ ಹೋಗುತ್ತದೆ. ಇದೇ ತೂರುವುದು. ಗಾಳಿ ನಿಂತರೆ ಕೆಲಸವೂ ನಿಂತಿತು.

ನಮ್ಮಪ್ಪ ಆಗ ಮೊರ ಪಕ್ಕಕ್ಕಿಟ್ಟು, ಬೀಡಿ ಹಚ್ಚಿ, ಅರಳಿ ಮರದ ತುದಿ ನೋಡುತ್ತಾ ಕೂರುತ್ತಿದ್ದರು. ಎಲೆ ಅಲ್ಲಾಡಿದರೆ ಸಾಕು, ಬೀಡಿ ಎಸೆದು ಏಳುತ್ತಿದ್ದರು. ಒಂದು ರಾತ್ರಿ ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ಮಲಗಿದ್ದ ನಮ್ಮನ್ನೆಲ್ಲ ಎಬ್ಬಿಸಿ ಕಣಕ್ಕೆ ಕರೆದುಕೊಂಡು ಹೋದರು. ಲಾಟೀನು ಹಿಡಿದು ನಿಲ್ಲುವ ಕೆಲಸ ನನ್ನದು. ಮೈಯೆಲ್ಲ ತುರಿಕೆ, ಕಣ್ಣಲ್ಲಿ ದೂಳು. ಬೆಳಗಿನ ಜಾವದ ಹೊತ್ತಿಗೆ ಅಷ್ಟೂ ರಾಗಿ ಹಸನಾಗಿತ್ತು.

ಅದಕ್ಕೇ ಈ ಗಾದೆಯನ್ನು ಸಮಯಸಾಧಕರ ಮೇಲೆ ಹೊರಿಸಿದರೆ ನನಗೆ ಸ್ವಲ್ಪ ಸಂಕಟವಾಗುತ್ತದೆ. ಗಾಳಿ ಬಂದಾಗ ತೂರಿಕೊಳ್ಳುವವನು ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಅದಕ್ಕೆ ಮುಂಚೆ ಅವನು ಬಿತ್ತಿದ್ದಾನೆ, ಕೊಯ್ದಿದ್ದಾನೆ, ಬಡಿದಿದ್ದಾನೆ. ಕಾಯುತ್ತಿರುವುದು ಗಾಳಿಯೊಂದಕ್ಕೇ. ಈಗೇನು, ಹೊಸ ಅರ್ಥವೂ ಊರೆಲ್ಲ ಹರಡಿದೆ. ಪತ್ರಿಕೆಗಳು ಪಕ್ಷ ಬದಲಿಸುವವರ ಬಗ್ಗೆ ಬರೆಯುವಾಗ ಇದನ್ನೇ ಬಳಸುತ್ತವೆ. ಹಳ್ಳಿಗಳಲ್ಲೂ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸಿ, ಲಾರಿ ಬಸ್ಸುಗಳ ಚಕ್ರದಲ್ಲಿ ತುಳಿಸುತ್ತಾರೆ. ಕಣವೇ ಇಲ್ಲದ ಮೇಲೆ ನಿಮಗೆ ಬಸ್ಸು ನೆನಪಾದರೆ ತಪ್ಪು ನಿಮ್ಮದಲ್ಲ ಬಿಡಿ.

ಪ್ರಶ್ನೆ: ಅಕ್ಕಾರ, ನನ್ನ ತವರು ಹುಬ್ಬಳ್ಳಿ, ಗಂಡನ ಮನೆ ಮಂಡ್ಯ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಅವರ ಅಕ್ಕನ ಮುಂದೆ "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಅಂತ ಏನೋ ಹೇಳಿ ನಕ್ಕರು. ನಾನು ಅದೇ ಹೊತ್ತಿಗೆ ಕೊತ್ತಂಬರಿ ಹೆಚ್ಚುತ್ತಿದ್ದೆ. ಸ್ವಲ್ಪ ಸಿಟ್ಟಿನಿಂದ ಹೆಚ್ಚುತ್ತಿದ್ದದ್ದೂ ಖರೆ. ಇವರಿಗೆ ಗೊತ್ತಾಗಿಬಿಟ್ಟಿತು ಅಂತ ಗಾಬರಿಯಾಗಿ ಆರು ವರ್ಷ ಅವರ ಎದುರಿಗೆ ಕೊತ್ತಂಬರಿ ಹೆಚ್ಚಲೇ ಇಲ್ಲ.
— ಮಂಡ್ಯ

ಉತ್ತರ: ಅಯ್ಯೋ ತಂಗಿ, ಆರು ವರ್ಷ! ಕೊತ್ತಿ ಅಂದರೆ ಬೆಕ್ಕು. ನಮ್ಮ ಕಡೆಯ ಮಾತು. ಅತ್ತೆಗೆ ಎದುರು ಹೇಳಲಾಗದ ಸೊಸೆ ಕಾಲಿಗೆ ಸಿಕ್ಕ ಬೆಕ್ಕನ್ನು ಒದೆಯುತ್ತಾಳೆ. ಕೊತ್ತಂಬರಿ ಸೊಪ್ಪಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಸಾರಿಗೆ ಧಾರಾಳವಾಗಿ ಹಾಕಿ.

ನಿಮ್ಮ ಋಣ ಬೇಗ ತೀರಿಸಿಬಿಡುತ್ತೇನೆ. 'ಅಜ್ಜಿಗೆ ಅರಿವೆ ಚಿಂತೆ' ಅಂತ ಒಂದು ಗಾದೆ. ಉಳಿದ ಅರ್ಧವನ್ನು ಒಂದೊಂದು ಊರಲ್ಲಿ ಒಂದೊಂದು ಥರ ಹೇಳುತ್ತಾರೆ, ಕೆಲವನ್ನು ಇಲ್ಲಿ ಬರೆಯಲಾಗದು. ನಾನು ಆ ಅರಿವೆಯನ್ನು ಅರಿವು ಅಂತಲೇ ತಿಳಿದಿದ್ದೆ. ಅಜ್ಜಿಗೆ ವಯಸ್ಸಾಯಿತು, ಜ್ಞಾನದ ಚಿಂತೆ ಹತ್ತಿದೆ, ಪರಮಾರ್ಥ ಯೋಚಿಸುತ್ತಿದ್ದಾಳೆ ಅಂತ. ಎಷ್ಟು ದೊಡ್ಡ ಗಾದೆ ಅಂತ ಮೆಚ್ಚಿಕೊಂಡೂ ಇದ್ದೆ! ಪ್ರೆಸ್ಸಿಗೆ ಗದಗದಿಂದ ಬಂದಿದ್ದ ಒಬ್ಬ ಬೈಂಡರ್ ಒಂದು ದಿನ "ಅಕ್ಕಾರ, ಮಳಿ ಬರಾಕತ್ತೈತಿ, ಅರಿವಿ ಒಳಗ ತಗೀರಿ" ಅಂದ. ಹಗ್ಗದ ಮೇಲೆ ನನ್ನ ಸೀರೆ ಒಣಗುತ್ತಿತ್ತು. ಅರಿವೆ ಅಂದರೆ ಬಟ್ಟೆ. ಅಜ್ಜಿಯ ಚಿಂತೆ ಮೈಮೇಲಿನ ಬಟ್ಟೆಯದು, ಮೋಕ್ಷದ್ದಲ್ಲ. ಆಗ ನನಗೆ ಮೂವತ್ತೆಂಟು.

ಪ್ರಶ್ನೆ: 'ಕಂಕಣ ಸುತ್ತಿ ಮೈಲಾರಕ್ಕೆ ಬಂದ' ಅನ್ನುವಾಗ ಯಾವ ಕಂಕಣ? ಮದುವೆಯದೋ, ಜಾತ್ರೆಯದೋ?
— ಕೋಲಾರ

ಉತ್ತರ: ಎರಡೂ ಅಲ್ಲ, ಕೊಂಕಣ. ಪಶ್ಚಿಮದ ಕಡಲ ಕರೆಯ ಸೀಮೆ. ಮೈಲಾರವೂ ನಿಜವಾದ ಊರೇ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡಕ್ಕೆ ಹತ್ತಿರ. ಅಲ್ಲಿನ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲೇರಿ "ಸದ್ದಲೇ" ಎಂದು ಕೂಗಿ ಕಾರ್ಣಿಕ ನುಡಿಯುವುದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ನೆಟ್ಟಗೆ ಹೋದರೆ ಸಿಗುವ ಊರಿಗೆ ಘಟ್ಟ ಇಳಿದು, ಕೊಂಕಣವನ್ನೆಲ್ಲ ಸುತ್ತಿ, ಮತ್ತೆ ಘಟ್ಟ ಹತ್ತಿ ಬಂದವನ ಗಾದೆ ಇದು. ನಮ್ಮ ಯಜಮಾನರು ತರಕಾರಿ ತರಲು ಹೋದರೆ ಹೀಗೇ.

ಪ್ರಶ್ನೆ: ನಮಸ್ಕಾರ. ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತ. ಟಿಪ್ಪಣಿಗಳಲ್ಲಿ 'ಕೂಲಂಕುಷವಾಗಿ ಪರಿಶೀಲಿಸಲಾಗಿದೆ' ಎಂದು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದೇನೆ. ಹೊಸದಾಗಿ ಬಂದ ಸಾಹೇಬರು ಅದಕ್ಕೆ ಕೆಂಪು ಗೀಟು ಎಳೆದು ಕಳಿಸಿದ್ದಾರೆ. ಯಾಕೆ ಅಂತ ಕೇಳಲು ಧೈರ್ಯವಿಲ್ಲ.
— ಚಿತ್ರದುರ್ಗ ಜಿಲ್ಲೆ

ಉತ್ತರ: ಸಾಹೇಬರನ್ನು ಕೇಳಬೇಡಿ, ನಾನೇ ಹೇಳುತ್ತೇನೆ. ಈ ಪದದ ಕೈಯಲ್ಲಿ ಏಟು ತಿಂದವಳು ನಾನು.

1981. ಕೆಲಸಕ್ಕೆ ಸೇರಿ ಎರಡು ವರ್ಷ. ಬಿಎ ಪಾಸು ಮಾಡಿದ ಜಂಬ ಇನ್ನೂ ಇಳಿದಿರಲಿಲ್ಲ. ಒಂದು ಸಹಕಾರ ಸಂಘದ ವಾರ್ಷಿಕ ವರದಿ ಅಚ್ಚಿಗೆ ಬಂದಿತ್ತು. ಅದರಲ್ಲಿ 'ಲೆಕ್ಕಪತ್ರಗಳನ್ನು ಕೂಲಂಕಷವಾಗಿ' ಎಂದಿತ್ತು. ಛೆ, ಇಷ್ಟೂ ಗೊತ್ತಿಲ್ಲವಲ್ಲ ಅಂತ 'ಕುಷ' ಎಂದು ತಿದ್ದಿದೆ. ನಮ್ಮಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ನಾಲ್ಕನೇ ಕ್ಲಾಸು ಓದಿದವರು. ಒಂದೊಂದು ಅಕ್ಷರದ ಮೊಳೆಗೂ ಪೆಟ್ಟಿಗೆಯಲ್ಲಿ ಒಂದೊಂದು ಖಾನೆ, ಅದಕ್ಕೇ ಮನೆ ಅನ್ನುವುದು. ಕರಡು ಕೈಯಲ್ಲಿ ಹಿಡಿದು ಬಂದರು. "ಅಮ್ಮಣ್ಣೀ, ಈ ಪದಕ್ಕೆ ನನ್ನ ಕೈ ಮೂವತ್ತು ವರ್ಷದಿಂದ 'ಕ' ಮನೆಗೇ ಹೋಗ್ತದೆ. 'ಕು' ಮನೆಗೆ ಹೋಗಕ್ಕೆ ಒಪ್ತಾ ಇಲ್ಲ" ಅಂದರು. ನಾನು ಒಪ್ಪಿಸಿದೆ. ಐನೂರು ಪ್ರತಿ ಅಚ್ಚಾಯಿತು. ವರದಿ ಬರೆದವರು ವಯಸ್ಸಾದ ಪಂಡಿತರು. ಒಂದು ಪ್ರತಿಯಲ್ಲಿ ಆ ಅಕ್ಷರಕ್ಕೆ ದುಂಡಗೆ ಸುತ್ತು ಹಾಕಿ, ಬದಿಯಲ್ಲಿ 'ದಡ ಎಲ್ಲಿ ಹೋಯಿತು?' ಎಂದು ಬರೆದು ಕಳಿಸಿದರು.

ಕೂಲ ಅಂದರೆ ನದಿಯ ದಡ. ಕಷ ಅಂದರೆ ಉಜ್ಜುವುದು. ತುಂಬಿದ ಹೊಳೆ ಎರಡೂ ದಡಗಳನ್ನು ಉಜ್ಜಿಕೊಂಡು ಹರಿಯುತ್ತದಲ್ಲ, ಅದು ಕೂಲಂಕಷ. ಈ ದಡದಿಂದ ಆ ದಡದವರೆಗೆ ಒಂದಿಷ್ಟೂ ಬಿಡದೆ ನೋಡಿದೆ ಅಂತ ಅರ್ಥ. ನನ್ನ ತಲೆಯಲ್ಲಿ ಆಗ ಇದ್ದದ್ದು ಅಂಕುಶ. ಆನೆ ತಿವಿಯುವ ಅಂಕುಶ. ಚುಚ್ಚಿ ಚುಚ್ಚಿ ಪರಿಶೀಲಿಸುವುದು ಇರಬೇಕು ಅಂದುಕೊಂಡಿದ್ದೆ. ತುಮಕೂರಿನ ಮಾವುತರು ಗಮನಿಸಬೇಕು, ಆನೆ ನನ್ನ ಹತ್ತಿರವೂ ಬಂದಿತ್ತು.

ಆ ಹಿರಿಯರಿಗೆ ಕೂಲವೂ ಗೊತ್ತಿರಲಿಲ್ಲ, ಕಷವೂ ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು. ಅವರ ಹತ್ತಿರ ಹೋಗಿ ತಪ್ಪಾಯಿತು ಅಂದೆ. "ಬಿಡಿ ತಾಯಿ, ಮೊಳೆ ಕರಗಿಸಿದರೆ ಎಲ್ಲಾ ಒಂದೇ ಸೀಸ" ಅಂದರು.

ಕಚೇರಿಯ ಬರಹದಲ್ಲಿ ಇನ್ನೆರಡು ನೋಡಿಕೊಳ್ಳಿ. 'ಪರಿಣಿತರು' ಅಲ್ಲ, ಪರಿಣತರು. 'ಜಾತ್ಯಾತೀತ' ಅಲ್ಲ, ಜಾತ್ಯತೀತ. ಜಾತಿಯ ಮುಂದೆ ಅತೀತ ಬಂದಿದೆ, ಆತೀತ ಅಲ್ಲ.

ಪ್ರಶ್ನೆ: ಅಕ್ಕಾ, ನನ್ನದು ಫ್ಲೆಕ್ಸ್ ಮತ್ತು ಲಗ್ನಪತ್ರಿಕೆ ಅಂಗಡಿ. ಗಿರಾಕಿಗಳು 'ಹಾರ್ಧಿಕ ಸ್ವಾಗತ', 'ಶುಭಾಷಯಗಳು', 'ಮದ್ಯಾಹ್ನ 12-30ಕ್ಕೆ ಊಟ' ಅಂತ ಬರೆದು ತರುತ್ತಾರೆ. ತಿದ್ದಿದರೆ "ನೀನೇನು ಮೇಷ್ಟ್ರಾ?" ಅಂತ ರೇಗುತ್ತಾರೆ. ನನಗೂ ಹ, ಅ ಸ್ವಲ್ಪ ತೊಡಕು. ಏನು ಮಾಡಲಿ?
— ಕನಕಪುರ

ಉತ್ತರ: ತಿದ್ದಿ ತಮ್ಮಾ, ಬೈಸಿಕೊಂಡಾದರೂ ತಿದ್ದಿ. ಹಾರ್ದಿಕ ಬಂದಿರುವುದು ಹೃದಯದಿಂದ. ಹೃದಯದಲ್ಲಿ 'ಧ' ಇಲ್ಲ. ಶುಭ, ಆಶಯ ಸೇರಿ ಶುಭಾಶಯ. ಸತ್ತವರ ಫ್ಲೆಕ್ಸಿಗೆ 'ಶೃದ್ಧಾಂಜಲಿ' ಬೇಡ, ಶ್ರದ್ಧಾಂಜಲಿ. ಇನ್ನು 'ಮದ್ಯಾಹ್ನ'. ಮಧ್ಯ ಅಂದರೆ ನಡು, ಮದ್ಯ ಅಂದರೆ ಹೆಂಡ. ಊಟ ಯಾವುದರದು ಅಂತ ಗಿರಾಕಿಯನ್ನೇ ಕೇಳಿ. ಬೀಗರ ಕಡೆಯವರು ಓದುತ್ತಾರೆ ಅಂದರೆ ತಕ್ಷಣ ಒಪ್ಪುತ್ತಾರೆ.

ಹ, ಅ ತೊಡಕಿನ ಬಗ್ಗೆ ಮಾತ್ರ ನೀವು ಕುಗ್ಗುವುದು ಬೇಡ. ಹಳಗನ್ನಡದಲ್ಲಿ ಪಾಲ್ ಅಂತಿತ್ತು. ಅದು ಹಾಲು ಆಯಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಆ 'ಹ' ಕೂಡ ಉದುರಿ ಆಲು, ಉಲಿ, ಊವು ಆಯಿತು. ನಮ್ಮಜ್ಜಿ ಸಾಯುವ ತನಕ "ಆಲು ಕಾಸು" ಅಂದರೇ ಹೊರತು ಹಾಲು ಅನ್ನಲಿಲ್ಲ. ಪಾಲು ಹಾಲಾದದ್ದು ಸರಿ, ಹಾಲು ಆಲಾದದ್ದು ತಪ್ಪು ಅಂತ ಹೇಳಲು ನನ್ನ ಹತ್ತಿರ ಕಾರಣವಿಲ್ಲ. ಮನೆಯಲ್ಲಿ ನಿಮಗೆ ಬಂದ ಹಾಗೆ ಮಾತಾಡಿ.

ತೊಂದರೆ ಬರುವುದು ನಾಚಿಕೆಯಿಂದ. 'ಹ' ಬಿಟ್ಟುಬಿಡುತ್ತೇನೇನೋ ಅನ್ನುವ ಭಯಕ್ಕೆ ಇಲ್ಲದ ಕಡೆಯೂ ಸೇರಿಸುತ್ತೇವೆ. ಒಂದು ಊರಿನ ಸಮಾರಂಭಕ್ಕೆ ಹೋಗಿದ್ದೆ. ಸ್ವಾಗತ ಮಾಡುವವರು ಬಹಳ ಎಚ್ಚರಿಕೆಯಿಂದ, ಒಂದೊಂದೇ ಅಕ್ಷರ ಒತ್ತಿ, "ಎಲ್ಲರಿಗೂ ಹಾದರದ ಸ್ವಾಗತ" ಅಂದರು. ಆದರ ಅನ್ನಬೇಕಿತ್ತು. ವೇದಿಕೆಯ ಮೇಲಿದ್ದವರೆಲ್ಲ ಒಂದೇ ಸಲ ನೀರಿನ ಲೋಟಕ್ಕೆ ಕೈ ಹಾಕಿದರು. ಪಾಪ, ಅವರು ಮನೆಯಲ್ಲಿ ಮಾತಾಡಿದ ಹಾಗೇ ಮಾತಾಡಿದ್ದರೆ ಯಾವ ಅನಾಹುತವೂ ಆಗುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಇಲ್ಲಿನ ಕನ್ನಡ ತರಗತಿಗೆ ಹೋಗುತ್ತಾನೆ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂದು ಕಲಿತು ಬಂದು "ಯಾಕೆ ಹೆಗಲು? ಯಾಕೆ ತಲೆ ಅಲ್ಲ?" ಎಂದ. ನನಗೆ ಉತ್ತರ ಗೊತ್ತಿಲ್ಲ ಎಂದು ನನಗೇ ಅವತ್ತು ಗೊತ್ತಾಯಿತು.
— ನ್ಯೂಜೆರ್ಸಿ

ಉತ್ತರ: ನಿಮ್ಮ ಮಗ ನೋಡಿರುವುದು ಅಕ್ಟೋಬರಿನಲ್ಲಿ ಬಾಗಿಲ ಮುಂದೆ ಇಡುವ ಕಿತ್ತಳೆ ಬಣ್ಣದ ಕುಂಬಳ. ಅದನ್ನು ಕದ್ದರೆ ಹೆಗಲಿಗೆ ಏನೂ ಆಗುವುದಿಲ್ಲ. ನಮ್ಮದು ಬೂದುಗುಂಬಳ. ಬಲಿತ ಕಾಯಿಯ ಮೈಮೇಲೆ ಬೂದಿ ಬಳಿದ ಹಾಗೆ ಬಿಳಿ ಪುಡಿ ಇರುತ್ತದೆ, ಮುಟ್ಟಿದರೆ ಅಂಟುತ್ತದೆ. ದೊಡ್ಡ ಕಾಯಿ, ಕೈಯಲ್ಲಿ ಹಿಡಿದು ಓಡಲಾಗದು, ಹೆಗಲ ಮೇಲೆ ಹೊರಬೇಕು. ಯಾರೋ ಸುಮ್ನೆ "ಕುಂಬಳಕಾಯಿ ಕಳ್ಳ" ಅಂದರು, ಯಾರ ಹೆಸರನ್ನೂ ಹೇಳಲಿಲ್ಲ. ಕದ್ದವನ ಕೈ ತಾನಾಗೇ ಬೂದಿ ಒರೆಸಲು ಹೆಗಲಿಗೆ ಹೋಯಿತು. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಬೂದುಗುಂಬಳ ಸಿಕ್ಕರೆ, ಕಪ್ಪು ಟೀ ಶರ್ಟ್ ಹಾಕಿಸಿ ಮಗನ ಹೆಗಲ ಮೇಲೆ ಒಂದು ನಿಮಿಷ ಇಡಿ. ಆಮೇಲೆ ಮಜ್ಜಿಗೆಹುಳಿ ಮಾಡಿ.

ಪ್ರಶ್ನೆ: ಮಾನ್ಯರೇ, ಕನ್ನಡದ ಉಚ್ಛಾರಣೆ ಸಂಪೂರ್ಣ ಕೆಟ್ಟಿದೆ. ಟೀವಿಯಲ್ಲಿ 'ಹಳ್ಳಿ'ಗೆ 'ಹಲ್ಲಿ' ಎನ್ನುತ್ತಾರೆ. ನಮ್ಮ ಮನೆಗೆಲಸದಾಕೆ 'ಬಾಷೆ', 'ಬೂಮಿ' ಎನ್ನುತ್ತಾಳೆ. ಉಚ್ಛಾರಣೆ ಶುದ್ಧವಿಲ್ಲದವರಿಗೆ ಮಾತಾಡುವ ಹಕ್ಕೇ ಇಲ್ಲ. ನೀವು ಇಂಥವರನ್ನು ಯಾಕೆ ಖಂಡಿಸುವುದಿಲ್ಲ?
— ನಿವೃತ್ತ ಅಧಿಕಾರಿ, ಮೈಸೂರು

ಉತ್ತರ: ಟೀವಿಯ ಬಗ್ಗೆ ನಿಮ್ಮ ಜೊತೆ ನಾನೂ ಇದ್ದೇನೆ. ಳ ಹೋದರೆ ಅರ್ಥವೇ ಹೋಗುತ್ತದೆ. "ರೈತರ ಬೆಲೆಗೆ ಬೆಲೆ ಸಿಗುತ್ತಿಲ್ಲ" ಎಂದು ಸುದ್ದಿ ಓದಿದರೆ ರೈತನಿಗೂ ಅರ್ಥವಾಗುವುದಿಲ್ಲ. ಮಾತಾಡುವುದಕ್ಕೇ ಸಂಬಳ ತೆಗೆದುಕೊಳ್ಳುವವರು ನಾಲಿಗೆ ಮಡಚುವುದನ್ನು ಕಲಿಯಲಿ.

ಮನೆಗೆಲಸದಾಕೆಯ ವಿಷಯ ಬೇರೆ. ಅಚ್ಚ ಕನ್ನಡದ ಮಾತಿನಲ್ಲಿ ಭ, ಧ, ಘಗಳಿಗೆ ಕೆಲಸ ಬಹಳ ಕಮ್ಮಿ. ಹೊರಗಿನಿಂದ ಬಂದ ಪದವನ್ನು ಕನ್ನಡದ ಬಾಯಿ ತನಗೆ ಹೊಂದುವ ಹಾಗೆ ಮೃದು ಮಾಡಿಕೊಳ್ಳುತ್ತದೆ. ಯಾತ್ರೆ ಜಾತ್ರೆಯಾದದ್ದು, ಸಂಧ್ಯಾ ಸಂಜೆಯಾದದ್ದು ಹೀಗೇ. 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇಂಥ ಬದಲಾವಣೆಗಳಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ, ಬೈಯಲು ಅಲ್ಲ, ನಿಯಮ ಹೇಳಲು. ನೀವು ಸಂಜೆ ಜಾತ್ರೆಗೆ ಹೋಗಿ ಬರುತ್ತೀರಿ, ಆಕೆ ಬೂಮಿ ಅಂದರೆ ಮಾತ್ರ ತಡೆಯುವುದಿಲ್ಲ.

ಇನ್ನೊಂದು. ನಿಮ್ಮದು ಎರಡು ಪುಟದ ಪತ್ರ. ಇಲ್ಲಿ ಮೊಟಕು ಮಾಡಿದ್ದೇನೆ, ಅಕ್ಷರ ಮುಟ್ಟಿಲ್ಲ. ಪೂರ್ತಿ ಪತ್ರದಲ್ಲಿ 'ಉಚ್ಛಾರಣೆ' ಅನ್ನುವ ಪದ ಏಳು ಸಲ ಬಂದಿದೆ. ಅದು ಉಚ್ಚಾರಣೆ ಸ್ವಾಮಿ. 'ಛ' ಇಲ್ಲ. ಹಳೇ ಕೈ, ಕೆಂಪು ಪೆನ್ನು ತಾನಾಗೇ ಹೋಯಿತು. ಕ್ಷಮಿಸಿ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಜವಳಿ ಅಂಗಡಿ. 'ಅಜಗಜಾಂತರ' ಅಂದರೆ ಗಜಗಟ್ಟಲೆ ಅಂತರ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ಗಜ ಅಂದರೆ ಮೂರು ಅಡಿ, ಅದು ಗೊತ್ತು. ಈ 'ಅಜ' ಅನ್ನುವುದು ಎಷ್ಟು ಗಜಕ್ಕೆ ಸಮ? ಹಳೇ ಅಳತೆ ಇರಬೇಕು ಅಂತ ಬಹಳ ಹುಡುಕಿದೆ, ಸಿಗಲಿಲ್ಲ.
— ದಾವಣಗೆರೆ

ಉತ್ತರ: ನಿಮ್ಮ ಅಂಗಡಿಯಲ್ಲಿ ಹದಿನೆಂಟು ಮೊಳದ ಸೀರೆ ಒಂಬತ್ತು ಗಜ. ಆ ಲೆಕ್ಕ ಸರಿ. ಆದರೆ ಅಜ ಅಳತೆಯಲ್ಲ, ಆಡು. ಮೇ ಮೇ ಅನ್ನುತ್ತದಲ್ಲ, ಅದೇ. ಇನ್ನು ಗಜ ಇಲ್ಲಿ ಮೂರು ಅಡಿಯದಲ್ಲ. ಆಡನ್ನೂ ಅದನ್ನೂ ಪಕ್ಕ ಪಕ್ಕ ನಿಲ್ಲಿಸಿದರೆ ಕಾಣುವ ವ್ಯತ್ಯಾಸವೇ ಅಜಗಜಾಂತರ.

ತುಮಕೂರಿನ ಮಾವುತರೇ, ನಿಮ್ಮ ಹದಿನಾರರಲ್ಲಿ ಒಂದು ಇಲ್ಲಿದೆ. ಬಂದು ಕರೆದುಕೊಂಡು ಹೋಗಿ.